ಹೇರೆತ್ತಿನ ಹಾದಿಯಲ್ಲಿ ಸೈಕಲ್ಲು

ಬೆಳಗಾವಿಯ ಹಿಂದವಾಡಿಯಿಂದ ಸೈಕಲ್ಲು ಹತ್ತಿ ಹೊರಟವರಿಗೆ ಒಂದು ತಾಸಿನೊಳಗಾಗಿ ಪೇಟೆಯ ಗದ್ದಲ ಹಿಂದೆ ಬೀಳುತ್ತದೆ. ತೆಂಕಣಕ್ಕೆ ಹೊರಳಿದರೆ ವಡಗಾವಿ, ಯಳ್ಳೂರು, ಅದರಾಚೆ ರಾಜಹಂಸಗಡದ ಗುಡ್ಡ. ಟಿಳಕವಾಡಿಯನ್ನು ದಾಟಿ ನೈಋತ್ಯಕ್ಕೆ ಹೋದರೆ ಪೀರನವಾಡಿ. ಅಲ್ಲಿ ದಾರಿ ಕವಲೊಡೆದು ಒಂದು ಖಾನಾಪುರಕ್ಕೂ ಇನ್ನೊಂದು ಕಿಣಯೆಯ ಮೇಲಿಂದ ಜಾಂಬೋಟಿ, ಕಣಕುಂಬಿಗಳಿಗೂ ನಡೆಯುತ್ತದೆ. ಊರನ್ನು ಸುತ್ತಿಕೊಂಡು ಪಡುವಣಕ್ಕೆ ಹೊರಟರೆ ಹಿಂಡಲಗಾ, ಚಂದಗಡ ಸೀಮೆ, ಕೊನೆಗೆ ಕೊಂಕಣದ ಕಡಲು. ಮೊದಲು ಬತ್ತದ ಗದ್ದೆ, ಆಮೇಲೆ ಕೆಮ್ಮಣ್ಣಿನ ದಿಬ್ಬ, ಮುಂದೆ ಗೇರು ಮಾವುಗಳ ತೋಪು, ಕಟ್ಟಕಡೆಗೆ ಹಗಲಿನಲ್ಲಿಯೂ ನೆರಳು ಬಿಡದ ಅಡವಿ: ಐವತ್ತು ಕಿಲೋಮೀಟರಿನೊಳಗೆ ನಾಡಿನ ಬಣ್ಣ ನಾಲ್ಕು ಸಲ ಬದಲಾಗುತ್ತದೆ. ಇವುಗಳಲ್ಲಿ ಹೆದ್ದಾರಿಯಾಗಿ ಹಿಗ್ಗಿದ ಒಂದೆರಡನ್ನು ಬಿಟ್ಟರೆ, ಉಳಿದವುಗಳ ಮೇಲೆ ಈಗಲೂ ಹತ್ತು ನಿಮಿಷಕ್ಕೊಂದು ಬಂಡಿ ಎದುರಾದರೆ ಹೆಚ್ಚು.

ಈ ದಾರಿಗಳು ಅನಾದಿಯಿಂದಲೂ ಹೀಗೆಯೇ ಮೌನವಾಗಿದ್ದವೆಂದು ತಿಳಿಯುವುದು ಸಹಜ. ಇತಿಹಾಸ ಹೇಳುವುದು ಬೇರೆ. ಇಂದು ಸದ್ದಿಲ್ಲದ ಒಂದೊಂದು ಹಾದಿಯೂ ಒಂದಾನೊಂದು ಕಾಲಕ್ಕೆ ಗದ್ದಲದ ಹಾದಿಯೇ ಆಗಿತ್ತು. ಅರಸರ ದಂಡು, ಉಪ್ಪಿನ ಹೇರು, ಪರಂಗಿಯ ಸರಕು, ಸರಕಾರದ ಟಪಾಲು ಇವುಗಳ ಮೇಲೆ ಹಾದುಹೋದವು. ಒಂದೊಂದು ಕಾರಣದಿಂದ ಆ ಸಂಚಾರ ಬೇರೆಡೆಗೆ ಸರಿದು, ಹಾದಿ ಮಾತ್ರ ಉಳಿಯಿತು. ಈ ಕಾರಣಗಳನ್ನು ಅರಿಯದೆ ಈ ದಾರಿಗಳ ಸೊಬಗನ್ನಷ್ಟೇ ಹೊಗಳಿದರೆ ಅರ್ಧವೇ ಹೇಳಿದಂತಾದೀತು.

ಘಟ್ಟದ ಮೇಲೂ ಕೆಳಗೂ ಒಬ್ಬನೇ ಅರಸು

ಖಾನಾಪುರ ತಾಲೂಕಿನ ಹಲಸಿ ಇಂದು ಸಣ್ಣ ಹಳ್ಳಿ. ಖಾನಾಪುರದಿಂದ ನಂದಗಡದ ಮೇಲೆ ಹಾಯ್ದು ಅಲ್ಲಿಗೆ ಹೋಗುವ ದಾರಿಯಷ್ಟು ಹಿತವಾದ ಸೈಕಲ್ ದಾರಿ ಈ ಜಿಲ್ಲೆಯಲ್ಲಿ ಮತ್ತೊಂದು ಸಿಕ್ಕುವುದು ಕಷ್ಟ. ಏರು ಇದೆ, ಆದರೆ ಎದೆಯೊಡೆಯುವ ಏರಲ್ಲ. ಇಳಿಜಾರು ಇದೆ, ಆದರೆ ಬ್ರೇಕು ಹಿಡಿದು ಕೈಸೋಲುವ ಇಳಿಜಾರಲ್ಲ. ಈ ಹಳ್ಳಿಯೇ ಶಾಸನಗಳ ಪಲಾಶಿಕಾ, ಪಲಸಿಗೆ. ಬನವಾಸಿಯ ಕದಂಬರಿಗೆ ಇದು ಎರಡನೆಯ ರಾಜಧಾನಿಯಂತಿತ್ತು. ಮೃಗೇಶವರ್ಮ, ರವಿವರ್ಮ, ಹರಿವರ್ಮರ ತಾಮ್ರಪಟಗಳು ಇಲ್ಲಿ ದೊರೆತಿವೆ; ಮೃಗೇಶವರ್ಮ ಇಲ್ಲಿ ಜಿನಾಲಯವೊಂದನ್ನು ಕಟ್ಟಿಸಿದನೆಂಬುದು ಅವುಗಳಿಂದಲೇ ತಿಳಿದುಬಂದ ಸಂಗತಿ.

ಐದಾರು ಶತಮಾನಗಳ ತರುವಾಯ ಗೋವೆಯ ಕದಂಬರು ಬಂದರು. ಘಟ್ಟದ ಕೆಳಗಿನ 'ಕೊಂಕಣ ಒಂಬೈನೂರು', ಘಟ್ಟದ ಮೇಲಿನ 'ಪಲಸಿಗೆ ಹನ್ನೆರಡು ಸಾವಿರ' ಎರಡೂ ಅವರ ಆಳಿಕೆಗೆ ಒಳಪಟ್ಟವು. ಹಲಸಿಯ ಭೂವರಾಹ ನರಸಿಂಹ ದೇವಾಲಯವೂ ಕಿತ್ತೂರಿನ ಬಳಿಯ ದೇಗಾಂವಿಯ ಕಮಲನಾರಾಯಣ ದೇವಾಲಯವೂ 12ನೆಯ ಶತಮಾನದ ಆ ಅರಸು ಮನೆತನದ ನೆನಪುಗಳು. ಕಡಲ ತೀರದಲ್ಲಿ ಒಂದು ಪಟ್ಟಣ, ಮಲೆಯ ಮೇಲೆ ಇನ್ನೊಂದು ಪಟ್ಟಣ ಇರಿಸಿಕೊಂಡ ಅರಸನಿಗೆ ನಡುವಿನ ಘಟ್ಟ ಗಡಿಯಾಗಿ ಉಳಿಯಲಾರದು; ಅದು ಮನೆಯೊಳಗಣ ಮೆಟ್ಟಿಲಾಗುತ್ತದೆ. ಗೋವೆಯಲ್ಲಿ ಅನಮೋಡ ಘಟ್ಟದ ಬುಡಕ್ಕೆ, ಅಡವಿಯ ನಡುವೆ, ತಾಂಬಡಿ ಸುರ್ಲಾದ ಮಹಾದೇವ ದೇವಾಲಯವಿದೆ. ಸುತ್ತಲಿನ ನೆಲವೆಲ್ಲ ಕೆಂಪು ಜಂಬಿಟ್ಟಿಗೆಯದು. ದೇವಾಲಯ ಮಾತ್ರ ಕರಿಗಲ್ಲಿನದು. ಆ ಕಲ್ಲನ್ನು ಘಟ್ಟದ ಮೇಲಿಂದ ಇಳಿಸಿ ತಂದರೆಂಬುದು ಬಲ್ಲವರ ಅಭಿಪ್ರಾಯ. ಕಲ್ಲು ಇಳಿದ ಹಾದಿಯಲ್ಲಿ ಮನುಷ್ಯರೂ ಮಾತೂ ದೇವರೂ ಇಳಿದಿರಬೇಕು, ಏರಿರಬೇಕು.

ಅದೇ ಕಾಲಕ್ಕೆ ಬೆಳಗಾವಿ, ಎಂದರೆ ವೇಣುಗ್ರಾಮ, ರಟ್ಟರ ಕೈಗೆ ಬಂದಿತು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಇಂದಿಗೂ ಕೋಟೆಯೊಳಗೆ ನಿಂತಿದೆ. ಬಯಲುಸೀಮೆಯ ಜೋಳ ಹತ್ತಿಗಳೂ ಮಲೆಸೀಮೆಯ ಬತ್ತವೂ ಕರಾವಳಿಯ ತೆಂಗು ಉಪ್ಪುಗಳೂ ಒಂದಕ್ಕೊಂದು ಎದುರಾಗುವ ಜಾಗದಲ್ಲಿ ಪಟ್ಟಣ ಬೆಳೆಯುವುದು ನ್ಯಾಯವೇ ಸರಿ.

ಉಪ್ಪಿನ ದಾರಿ

ಸಹ್ಯಾದ್ರಿಯ ಈ ಭಾಗದಲ್ಲಿ ಚಕ್ಕಡಿ ಇಳಿಯುವಂಥ ರಸ್ತೆಗಳಾದದ್ದು ತೀರ ಇತ್ತೀಚೆಗೆ. ಅದಕ್ಕೆ ಮುಂಚೆ ಸರಕೆಲ್ಲ ಸಾಗುತ್ತಿದ್ದುದು ಹೇರೆತ್ತಿನ ಬೆನ್ನಿನ ಮೇಲೆ. ಲಂಬಾಣಿಗರ ಹೇರೆತ್ತುಗಳ ಸಾಲು ಸುಗ್ಗಿಯ ನಂತರ ಘಟ್ಟವಿಳಿದು, ಧಾನ್ಯ ಮೆಣಸಿನಕಾಯಿಗಳನ್ನು ಕೆಳಗೆ ಮುಟ್ಟಿಸಿ, ಉಪ್ಪು ತೆಂಗಿನಕಾಯಿಗಳನ್ನು ಹೇರಿಕೊಂಡು ಮರಳುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಹಾದಿ ತಾನಾಗಿಯೇ ಮುಚ್ಚುತ್ತಿತ್ತು. ಎತ್ತು ಹೇರು ಹೊತ್ತು ದಿನಕ್ಕೆ ಎಷ್ಟು ನಡೆಯಬಲ್ಲುದೋ ಅಷ್ಟು ಅಂತರಕ್ಕೆ ನೀರು, ಹುಲ್ಲು, ನೆರಳು ಇರುವ ತಂಗುದಾಣ ಬೇಕು. ಹಳೆಯ ಹಾದಿಯ ಬದಿಯಲ್ಲಿ ಆಲದ ಮರ, ಬಾವಿ, ಮಾರುತಿಯ ಗುಡಿ ಮೂರೂ ಒಟ್ಟಿಗೆ ಕಂಡರೆ ಅಲ್ಲೊಂದು ತಂಗುದಾಣವಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ಈ ವ್ಯಾಪಾರದ ಮೇಲ್ಘಟ್ಟದ ಪೇಟೆ ನಂದಗಡ. 20ನೆಯ ಶತಮಾನದ ಆರಂಭದ ಗೆಜೆಟಿಯರೂ ಅದನ್ನು ದೊಡ್ಡ ವ್ಯಾಪಾರದ ಊರೆಂದೇ ವರ್ಣಿಸುತ್ತದೆ: ಗೋವೆಯಿಂದ ಅಡಿಕೆ, ತೆಂಗು, ಕೊಬ್ಬರಿ ಎಣ್ಣೆ, ಖರ್ಜೂರ, ಉಪ್ಪು ಬರುತ್ತಿದ್ದವು, ಇಲ್ಲಿಂದ ಗೋದಿ ಮೊದಲಾದುವು ಹೋಗುತ್ತಿದ್ದವು. 1901ರ ಜನಗಣತಿಯಲ್ಲಿ ನಂದಗಡದ ಜನಸಂಖ್ಯೆ ಆರು ಸಾವಿರವನ್ನು ಮೀರಿತ್ತು.

ವ್ಯಾಪಾರಿಯ ಹಾದಿ ಬಂಡಾಯಗಾರನ ಹಾದಿಯೂ ಆಯಿತು. 1824ರಲ್ಲಿ ಕಿತ್ತೂರಿನ ಸಂಸ್ಥಾನ ಮುರಿದ ಮೇಲೆ ಸಂಗೊಳ್ಳಿ ರಾಯಣ್ಣನು ಇದೇ ಅಡವಿಗಳನ್ನು ಆಶ್ರಯಿಸಿ ಕುಂಪಣಿ ಸರಕಾರದ ಮೇಲೆ ಬಿದ್ದ. ಬೀಡಿಯ ಕಚೇರಿಗೆ ಬೆಂಕಿಯಿಟ್ಟ. ಸಾವಿರ ಜನರ ಸೈನ್ಯ ಹೆದ್ದಾರಿಯಲ್ಲಿ ಬಂದರೆ, ಹತ್ತಿಪ್ಪತ್ತು ಜನ ಒಳದಾರಿಯಲ್ಲಿ ಬಂದು ಕೆಲಸ ಮುಗಿಸಿ ಹೋಗುವ ಯುದ್ಧ ಅದು. ಹಾದಿಯ ಜ್ಞಾನವೇ ಅವನ ಮದ್ದುಗುಂಡು. ಮೋಸಕ್ಕೆ ಸಿಕ್ಕು ಸೆರೆಯಾದ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದುದು ನಂದಗಡದಲ್ಲಿಯೇ. ನಾಲ್ಕೂ ದಿಕ್ಕಿನ ಜನ ಕೂಡುವ ಪೇಟೆಯ ಊರಿನಲ್ಲಿ ಗಲ್ಲು ಹಾಕಿದರೆ ಸುದ್ದಿ ಎಲ್ಲ ಹಾದಿಗಳಲ್ಲಿಯೂ ಹರಡೀತೆಂಬ ಲೆಕ್ಕ ಸರಕಾರಕ್ಕೆ ಇದ್ದಿರಬೇಕು. ಸುದ್ದಿ ಹರಡಿತು, ಆದರೆ ಹೆದರಿಕೆಯ ಸುದ್ದಿಯಾಗಿ ಅಲ್ಲ, ಲಾವಣಿಯಾಗಿ.

ರಸ್ತೆಯ ಹೆಸರಿನಲ್ಲಿ ಉಳಿದ ಘಟ್ಟ

ಬೆಳಗಾವಿಯ ಪಡುವಣ ಬದಿಯಲ್ಲಿ ರಾಮಘಾಟ ರಸ್ತೆ ಎಂಬುದೊಂದಿದೆ. ಮನೆ ಅಂಗಡಿಗಳ ನಡುವೆ ಸಾಗುವ ಈ ರಸ್ತೆಗೆ ಈ ಹೆಸರೇಕೆ ಎಂದು ದಿನವೂ ಅಲ್ಲಿ ತಿರುಗಾಡುವವರಿಗೂ ಅನ್ನಿಸದೆ ಹೋದೀತು. ರಾಮಘಾಟ ಒಂದು ಕಾಲಕ್ಕೆ ಬೆಳಗಾವಿಯ ಹೆಬ್ಬಾಗಿಲು.

1818ರ ಏಪ್ರಿಲಿನಲ್ಲಿ ಜನರಲ್ ಮನ್ರೊ ಬೆಳಗಾವಿಯ ಕೋಟೆಯನ್ನು ಹಿಡಿದ ಮೇಲೆ ಆಂಗ್ಲರು ಇಲ್ಲಿ ದಂಡಿನ ಠಾಣ್ಯ ನೆಲೆಗೊಳಿಸಿದರು. ಮುಂಬಯಿಯಿಂದ ಸಿಪಾಯಿಗಳೂ ಸಾಮಗ್ರಿಯೂ ಬರಬೇಕಾದರೆ ನೆಲದ ಮೇಲೆ ತಿಂಗಳ ಪ್ರಯಾಣ. ಕಡಲ ಮೇಲೆ ವೆಂಗುರ್ಲೆಗೆ ಬಂದರೆ ಅಲ್ಲಿಂದ ಕೆಲವೇ ದಿನಗಳ ಹಾದಿ. ಡಚ್ಚರು 17ನೆಯ ಶತಮಾನದಲ್ಲಿಯೇ ಕೋಠಿ ಕಟ್ಟಿದ್ದ ಆ ಬಂದರು 1812ರಲ್ಲಿ ಆಂಗ್ಲರ ವಶಕ್ಕೆ ಬಂದಿತ್ತು. ವೆಂಗುರ್ಲೆಯಿಂದ ರಾಮಘಾಟವನ್ನು ಹತ್ತಿ ಬೆಳಗಾವಿಗೆ ಬರುವ ಹಾದಿಯನ್ನು ಅವರು ದುರಸ್ತಿ ಮಾಡಿಸಿದರು. ಆದರೆ ರಾಮಘಾಟ ಬಲು ಕಡಿದಾದುದು. ಹೇರೆತ್ತು ಹತ್ತಬಹುದು, ತುಂಬಿದ ಚಕ್ಕಡಿ ಹತ್ತಲಾರದು. ಆದುದರಿಂದ 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಂಬೋಲಿಯ ಬಳಿ ಹೊಸ ಘಟ್ಟವನ್ನು ಕಡಿದರು. ಚಕ್ಕಡಿ ಅತ್ತ ಹೊರಳಿತು, ರಾಮಘಾಟ ಮೌನವಾಯಿತು.

ಇಲ್ಲಿ ಸೈಕಲ್ಲಿಗೆ ಸಂಬಂಧಿಸಿದ ಒಂದು ಮಾತು ಹೇಳಬೇಕು. ಎತ್ತಿನ ಗಾಡಿಗಾಗಿ ಕಟ್ಟಿದ ಘಟ್ಟದ ರಸ್ತೆ ನೇರವಾಗಿ ಹತ್ತುವುದಿಲ್ಲ. ಗುಡ್ಡದ ಮೈಯನ್ನು ಬಳಸಿ ಬಳಸಿ, ಎತ್ತಿನ ಉಸಿರು ಕಟ್ಟದಂತೆ, ಸಾವಕಾಶವಾಗಿ ಏರುತ್ತದೆ. ಎತ್ತಿನ ಅಳತೆಗೆ ಮಾಡಿದ ಏರು ಮನುಷ್ಯನ ಕಾಲಿಗೂ ಒಗ್ಗುತ್ತದೆ. ಅಂಬೋಲಿಯ ಏರು ಎಷ್ಟೇ ಉದ್ದವಾದರೂ ಸೈಕಲ್ ತುಳಿಯುವವರಿಗೆ ಸಾಧ್ಯವಾಗುವುದು ಇದರಿಂದಲೇ. ಇಂಜಿನಿಗೆ ಅಗತ್ಯವೇ ಇಲ್ಲದ ಈ ಉಪಕಾರವನ್ನು ಸೈಕಲ್ಲು ಮಾತ್ರ ಎತ್ತಿನಿಂದ ಬಳುವಳಿಯಾಗಿ ಪಡೆದಿದೆ.

1888

ಎರಡು ಬೇರೆ ಬೇರೆ ಸಂಗತಿಗಳು ಒಂದೇ ವರ್ಷದಲ್ಲಿ ನಡೆದು, ಈ ಹಾದಿಗಳ ಹಣೆಬರಹವನ್ನು ಬದಲಿಸಿದವು. ಮೊದಲನೆಯದು ರೈಲು. 1878ರಲ್ಲಿ ಆಂಗ್ಲರಿಗೂ ಪೋರ್ತುಗೀಜರಿಗೂ ಆದ ಒಪ್ಪಂದದಂತೆ ಮುರಗಾವ್ ಬಂದರಿನಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗೆ ರೈಲು ಮಾರ್ಗ ಹಾಕುವುದೆಂದಾಯಿತು. ಅದೇ ಒಪ್ಪಂದ ಗೋವೆಯ ಉಪ್ಪಿನ ಹಿಡಿತವನ್ನೂ ಆಂಗ್ಲರ ಕೈಗೆ ಕೊಟ್ಟಿತು. ಒಪ್ಪಂದ 1892ರಲ್ಲಿ ಮುರಿದುಬಿದ್ದರೂ ಹಳಿಗಳು ಉಳಿದವು. 1888ರಲ್ಲಿ ದೂಧಸಾಗರದ ಮೇಲಿನಿಂದ ಗಾಡಿ ಕ್ಯಾಸಲ್‌ರಾಕ್‌ಗೆ ಹತ್ತಿತು. ಇತ್ತ ಸದರ್ನ್ ಮರಾಠಾ ರೈಲ್ವೆಯ ಹಳಿ ಬೆಳಗಾವಿ, ದೇಸೂರು, ಇದಲಹೊಂಡ, ಖಾನಾಪುರ, ಗುಂಜಿಗಳ ಮೇಲೆ ಲೋಂಡಾಕ್ಕೆ ಬಂದು ಕೂಡಿಕೊಂಡಿತು. ನೂರಾರು ಎತ್ತುಗಳು ವಾರಗಟ್ಟಲೆ ಹೊರುವ ಸರಕನ್ನು ಒಂದು ಗಾಡಿ ಒಂದು ದಿನದಲ್ಲಿ ಮುಟ್ಟಿಸತೊಡಗಿತು. ನಂದಗಡದ ಪೇಟೆ ಒಮ್ಮೆಲೇ ಮುಚ್ಚಲಿಲ್ಲ. ಆದರೆ ಲೋಂಡಾ ಬೆಳೆಯುತ್ತ ಹೋದಂತೆ ನಂದಗಡದ ಹಾದಿಯಲ್ಲಿ ಎತ್ತಿನ ಕೊರಳಗಂಟೆ ಕಡಮೆಯಾಗುತ್ತ ಹೋಯಿತು. ವೆಂಗುರ್ಲೆಯ ಬಂದರಕ್ಕೂ ಅದೇ ಗತಿಯಾಯಿತು.

ಎರಡನೆಯ ಸಂಗತಿ ನಡೆದುದು ಸಾವಿರಾರು ಮೈಲು ದೂರದ ಬೆಲ್‌ಫಾಸ್ಟಿನಲ್ಲಿ. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬಾತ ಸಮನಾದ ಎರಡು ಗಾಲಿ, ಸರಪಳಿಗಳುಳ್ಳ ಇಂದಿನ ಮಾದರಿಯ ಸೈಕಲ್ಲನ್ನು ಪೇಟೆಗೆ ತಂದಿದ್ದ. 1888ರಲ್ಲಿ ಡನ್‌ಲಪ್ ಅದಕ್ಕೆ ಗಾಳಿ ತುಂಬಿದ ರಬ್ಬರಿನ ಟಾಯರನ್ನು ಹೊಂದಿಸಿದ. ಕಲ್ಲುಗೊರಚಿನ ಹಾದಿಯಲ್ಲಿಯೂ ಎಲುಬು ಮುರಿಯದೆ ಸಾಗಬಲ್ಲ ವಾಹನ ಹುಟ್ಟಿತು. ರೈಲು ಬರಿದು ಮಾಡಿದ ಹಾದಿಗಳಿಗೆ ಒಬ್ಬ ಹೊಸ ಪ್ರವಾಸಿಯೂ ಅದೇ ವರ್ಷ ಸಿದ್ಧನಾದನೆಂದು ಹೇಳಬಹುದು. ಅವನು ಇಲ್ಲಿ ಬಂದು ಮುಟ್ಟಲು ಮಾತ್ರ ಇನ್ನೂ ಕೆಲವು ದಶಕ ಹಿಡಿಯಿತು.

ಪರದೇಶದಿಂದ ಬರುತ್ತಿದ್ದಷ್ಟು ಕಾಲ ಸೈಕಲ್ಲು ಸಾಹೇಬರದೂ ಸಿರಿವಂತರದೂ ಆಗಿತ್ತು. ಸ್ವಾತಂತ್ರ್ಯದ ಬೆನ್ನಿಗೆ ಆಸನ್‌ಸೋಲದಲ್ಲಿ ಸೆನ್-ರ್‍ಯಾಲೆ, ಮದ್ರಾಸಿನ ಬಳಿ ಟಿ. ಐ. ಸೈಕಲ್ಸ್, ಸೋನೆಪತ್ತಿನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನದಲ್ಲಿ ಹೀರೊ ಕಾರಖಾನೆಗಳು ಎದ್ದ ಮೇಲೆ ಅದು ಶಾಲಾಮಾಸ್ತರರ, ಟಪಾಲಿನವರ, ಹಾಲು ಮಾರುವವರ ಕೈಗೆ ಬಂದಿತು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿ ಓಣಿಗೊಂದಾಯಿತು. ಹಳ್ಳಿಯಿಂದ ಹಾಲಿನ ಕ್ಯಾನುಗಳನ್ನು ಇಳಿಬಿಟ್ಟುಕೊಂಡು ನಸುಕಿನಲ್ಲಿ ಪೇಟೆಗೆ ಬರುವವನು ವಿಹಾರಕ್ಕಾಗಿ ಸೈಕಲ್ ತುಳಿದವನಲ್ಲ; ಆದರೆ ಯಾವ ಏರಿನಲ್ಲಿ ಇಳಿದು ತಳ್ಳಬೇಕು, ಯಾವ ತಿರುವಿನಲ್ಲಿ ಉಸುಕು ಜಾರುತ್ತದೆ, ಮಳೆಗಾಲದಲ್ಲಿ ಯಾವ ಹಳ್ಳ ದಾಟಗೊಡುವುದಿಲ್ಲ ಎಂಬ ಜ್ಞಾನದಲ್ಲಿ ಅವನನ್ನು ಮೀರಿಸುವವರಿಲ್ಲ. 2006-07ರಿಂದ ಹಲವು ವರ್ಷ ಕರ್ನಾಟಕ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಟ್ಟಾಗ, ಹಳ್ಳಿಯ ಹುಡುಗಿಯರ ಪಾಲಿಗೂ ಈ ದಾರಿಗಳು ತೆರೆದವು. ಇಂದು ಬಣ್ಣದ ಶಿರಸ್ತ್ರಾಣ ತೊಟ್ಟು ಆದಿತ್ಯವಾರ ಜಾಂಬೋಟಿಯ ಕಡೆಗೆ ಹೊರಡುವವರು ಈ ಎಲ್ಲರಿಗೂ ಕಿರಿಯರು.

ನೀರು ಬೇರೆಯಾಗುವ ದಿಣ್ಣೆ

ಜಾಂಬೋಟಿಯ ದಾರಿಯ ಗುಣವೇ ಬೇರೆ. ಪೀರನವಾಡಿಯ ಕವಲಿನಿಂದ ಮುಂದೆ ಕುಸಮಳಿಯ ಬಳಿ ಮಲಪ್ರಭೆಯನ್ನು ದಾಟಿ ಜಾಂಬೋಟಿಗೆ. ಹತ್ತಿರದಲ್ಲಿಯೇ ಹೊಳೆಯ ದಂಡೆಗೆ ಹಬ್ಬನಹಟ್ಟಿಯ ಮಾರುತಿ. ಮುಂದೆ ಕಣಕುಂಬಿ, ಮಾವುಲಿ ದೇವಿಯ ಊರು, ಮಲಪ್ರಭೆಯ ಉಗಮ. ಇಲ್ಲಿ ಹುಟ್ಟಿದ ಹೊಳೆ ಬೆನ್ನು ತಿರುಗಿಸಿ ಮೂಡಣಕ್ಕೆ ಮುನ್ನೂರು ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದೇ ತಾಲೂಕಿನ ಭೀಮಗಡದ ಅಡವಿಯಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕೆ ಇಳಿದು, ಗೋವೆಯಲ್ಲಿ ಮಾಂಡವಿಯಾಗಿ, ಅರಬ್ಬಿ ಸಮುದ್ರವನ್ನು ಸೇರುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಈ ನೀರಿನ ಗಡಿ ತಿಳಿಯುವುದಿಲ್ಲ. ಸೈಕಲ್ ತುಳಿಯುವವರಿಗೆ ಅದು ಮೊಣಕಾಲಿನಲ್ಲಿ ತಿಳಿಯುತ್ತದೆ. ಅಲ್ಲಿಯತನಕ ಭಾರವಾಗಿದ್ದ ಪೆಡಲು ಒಂದು ದಿಣ್ಣೆ ದಾಟಿದೊಡನೆ ಹಗುರಾಗುತ್ತದೆ. ಈ ದಿಣ್ಣೆಯ ನೀರಿಗಾಗಿ ನಡೆದ ವ್ಯಾಜ್ಯಕ್ಕೆ 2010ರಲ್ಲಿ ನ್ಯಾಯಾಧಿಕರಣ ನೇಮಕವಾಗಿ 2018ರಲ್ಲಿ ಐತೀರ್ಪು ಬಂದುದನ್ನು ವಾಚಕರು ಬಲ್ಲರು.

ಕಣಕುಂಬಿಯಿಂದಾಚೆ ಚೋರ್ಲಾ ಘಾಟ. ಗೋವೆ ಪೋರ್ತುಗೀಜರ ಕೈಯಲ್ಲಿದ್ದಷ್ಟು ಕಾಲ ಇದು ಪರದೇಶದ ಗಡಿ. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ತರುವಾಯ ಗೋವೆಯ ರೈಲೂ ವ್ಯಾಪಾರವೂ ನಿಂತುಹೋದವು. ಕ್ಯಾಸಲ್‌ರಾಕ್‌ನಿಂದ ಮುಂದಿನ ಹಳಿ ಆರು ವರ್ಷ ಬರಿದಾಗಿತ್ತು. 1961ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಸೇನೆ ಕೂಡಿತು. ಅನಮೋಡದ ದಾರಿಯಿಂದಲೂ ಒಂದು ದಳ ಇಳಿಯಿತು. 19ರಂದು ಗೋವೆ ಬಿಡುಗಡೆಯಾಯಿತು. ಪಲಸಿಗೆಯ ಕದಂಬರ ಕಾಲದಂತೆ ಘಟ್ಟ ಮತ್ತೆ ಮನೆಯೊಳಗಣ ಮೆಟ್ಟಿಲಾಯಿತು.

ಮೆಟ್ಟಿಲಾದ ಮೇಲೆ ಕಾಲುಸಪ್ಪಳ ಬರಲೇಬೇಕಷ್ಟೆ. ಚೋರ್ಲಾ ರಸ್ತೆ ಇಂದು ರಾಷ್ಟ್ರೀಯ ಹೆದ್ದಾರಿಗಳ ಪಟ್ಟಿ ಸೇರಿದೆ. ವಾರದ ಕೊನೆಗೆ ಗೋವೆಗೆ ಧಾವಿಸುವ ಮೋಟಾರುಗಳ ನಡುವೆ ಸೈಕಲ್ಲು ರಸ್ತೆಯ ಅಂಚಿಗೆ ಸರಿಯಬೇಕಾಗಿದೆ. ಖಾನಾಪುರ, ಲೋಂಡಾಗಳ ಮೇಲೆ ಅನಮೋಡಕ್ಕೆ ಹೋಗುವ ಹೆದ್ದಾರಿಯನ್ನು ಅಗಲ ಮಾಡುವಾಗ ಎರಡೂ ಬದಿಯ ಸಾವಿರಾರು ಮರಗಳು ಉರುಳಿದವು. ಸದ್ದಿಲ್ಲದ ದಾರಿ ಸದ್ದಿನದಾಗುವುದಕ್ಕೆ ಶತಮಾನ ಬೇಡ. ಒಂದು ಟೆಂಡರು ಸಾಕು.

ಮೌನದ ಬೆಲೆ

ಹಾಗಾದರೆ ಇರುವ ಮೌನವನ್ನೆಲ್ಲ ಹಾಗೆಯೇ ಕಾಯ್ದಿಡಬೇಕೆ? ಇದಕ್ಕೆ ಉತ್ತರ ಕೊಡುವ ಮುನ್ನ ಖಾನಾಪುರದಿಂದ ಹೆಮ್ಮಡಗಾದ ಮೇಲೆ ಅನಮೋಡಕ್ಕೆ ಹೋಗುವ ಅಡವಿಯ ದಾರಿಯನ್ನು ನೋಡಬೇಕು. 2011ರಲ್ಲಿ ವನ್ಯಧಾಮವೆಂದು ಘೋಷಿಸಲ್ಪಟ್ಟ ಭೀಮಗಡದ ಕಾಡು ಅದರ ಎರಡೂ ಕಡೆಗಿದೆ. ಶಿವಾಜಿಯ ಕಾಲದ ಕೋಟೆ ಒಳಗೆ ಪಾಳು ಬಿದ್ದಿದೆ. ತಳೇವಾಡಿಯ ಬಳಿಯ ಬಾರಾಪೇಡೆ ಗುಹೆಗಳಲ್ಲಿ 1913ರಲ್ಲಿ ಶಾಸ್ತ್ರಜ್ಞರು ಹೆಸರಿಟ್ಟ, ಲೋಕದಲ್ಲಿ ತೀರ ಅಪರೂಪದ, ರಾಟನ್‌ನ ಬಾವಲಿಯ ನೆಲೆಯಿದೆ. ಸೈಕಲ್ ತುಳಿಯುವವರಿಗೆ ಇದಕ್ಕಿಂತ ಸೊಗಸಾದ ಹಾದಿ ಬೇಡ: ಗಾಲಿಯ ಸರಪಳಿಯ ಸದ್ದನ್ನು ಬಿಟ್ಟರೆ ಹಕ್ಕಿಯ ಸದ್ದು.

ಆದರೆ ಆ ಮೌನದಲ್ಲಿ ಮನುಷ್ಯರೂ ವಾಸವಾಗಿದ್ದಾರೆ. ಕಾಡಿನೊಳಗಣ ಆಮಗಾಂವ, ಗವ್ವಾಳಿ, ಕೃಷ್ಣಾಪುರ, ತಳೇವಾಡಿ ಮೊದಲಾದ ಹಳ್ಳಿಗಳವರಿಗೆ ರಸ್ತೆ, ಸೇತುವೆ, ದವಾಖಾನೆ ದೂರದ ಮಾತು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೊರಗಿನ ಸಂಪರ್ಕ ಕಡಿಯುತ್ತದೆ. 2024ರ ಮಳೆಗಾಲದಲ್ಲಿ ಆಮಗಾಂವದ ಬೇನೆಬಿದ್ದ ಹೆಣ್ಣುಮಗಳನ್ನು ಊರವರು ಕಟ್ಟಿಗೆಯ ಡೋಲಿಯಲ್ಲಿ ಹೊತ್ತು, ಕೆಸರು ತುಳಿದು, ಮೋಟಾರು ಬರುವ ರಸ್ತೆಯತನಕ ನಡೆದರು. ಕಾಡಿನಿಂದ ಹೊರಗೆ ನೆಲೆ ಕೊಡುವ ಏರ್ಪಾಡನ್ನು ಸರಕಾರ ಮುಂದಿಟ್ಟಾಗ ತಳೇವಾಡಿಯ ಕುಟುಂಬಗಳು ಅದನ್ನು ಒಪ್ಪಿಕೊಂಡವು. ಪಟ್ಟಣದಿಂದ ಒಂದು ಹಗಲಿನ ಮಟ್ಟಿಗೆ ಬಂದವರಿಗೆ ವರವಾದ ಮೌನ, ಅಲ್ಲಿ ವರ್ಷವಿಡೀ ಬಾಳುವವರಿಗೆ ಶಾಪವಾಗಬಹುದು.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಗುಡ್ಡಗಾಡಿನ ಸದ್ದಿಲ್ಲದ ರಸ್ತೆಗಳಿಗಾಗಿ ಯುರೋಪಿನ ಸೈಕಲ್ ಪ್ರವಾಸಿಗರು ಹುಡುಕಿಕೊಂಡು ಹೋಗುವ ದೇಶ ಸ್ಪೇನ್. ಅಲ್ಲಿಯೂ ಮೌನಕ್ಕೊಂದು ಇತಿಹಾಸವಿದೆ. ನಮ್ಮಲ್ಲಿ ಹೇರೆತ್ತು ಇದ್ದಂತೆ ಅಲ್ಲಿ ಕುರಿಮಂದೆ. ಬೇಸಗೆಯಲ್ಲಿ ಬಡಗಣ ಗುಡ್ಡಗಳಿಗೂ ಚಳಿಗಾಲದಲ್ಲಿ ತೆಂಕಣ ಬಯಲಿಗೂ ಸಾಗುವ ಮಂದೆಗಳಿಗಾಗಿ 'ಕನ್ಯಾದ'ಗಳೆಂಬ ಹಾದಿಗಳಿದ್ದವು. ದೊಡ್ಡವುಗಳ ಅಗಲ ಎಪ್ಪತ್ತೈದು ಮೀಟರ್. 1273ರಲ್ಲಿ ಹತ್ತನೆಯ ಅಲ್ಫೊನ್ಸೊ ಅರಸನಿಂದ ಸನ್ನದು ಪಡೆದ 'ಮೆಸ್ತಾ' ಎಂಬ ಕುರಿಗಾರರ ಸಂಘ 1836ರತನಕ ಅವುಗಳನ್ನು ಕಾಯ್ದುಕೊಂಡು ಬಂದಿತು. ಉಣ್ಣೆಯ ವ್ಯಾಪಾರ ಇಳಿಯಿತು, ರೈಲು ಬಂದಿತು, ಹಾದಿ ಬರಿದಾಯಿತು. 20ನೆಯ ಶತಮಾನದಲ್ಲಿ ಹಳ್ಳಿಗರು ಪಟ್ಟಣಗಳಿಗೆ ಹೊರಟುಹೋಗಿ ಒಳನಾಡೇ ಬರಿದಾಯಿತು. ಸೆರ್ಜಿಯೊ ದೆಲ್ ಮೊಲೀನೊ ಎಂಬ ಲೇಖಕ 2016ರಲ್ಲಿ 'ಬರಿದಾದ ಸ್ಪೇನ್' ಎಂಬರ್ಥದ ಹೆಸರಿನ ಪುಸ್ತಕ ಬರೆದ ಮೇಲೆ ಆ ಮಾತು ಅಲ್ಲಿ ಮನೆಮಾತಾಗಿದೆ. ಪ್ರವಾಸಿ ಮೆಚ್ಚುವ ಮೌನದ ಹಿಂದೆ ಅಲ್ಲಿಯೂ ಬೀಗ ಹಾಕಿದ ಮನೆಗಳಿವೆ.

ಆದರೆ ಸ್ಪೇನ್ ಎರಡು ಒಳ್ಳೆಯ ಕೆಲಸಗಳನ್ನು ಮಾಡಿದೆ. 1993ರಿಂದ, ರೈಲು ನಿಂತುಹೋದ ಹಳೆಯ ಹಳಿಗಳ ಜಾಡನ್ನು 'ಹಸಿರು ದಾರಿ'ಗಳಾಗಿ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟಿದೆ. ಹಾಳುಬಿದ್ದ ನಿಲ್ದಾಣಗಳಲ್ಲಿ ಕೆಲವು ಊಟದ ಮನೆಗಳಾಗಿ ಹಳ್ಳಿಗೆ ನಾಲ್ಕು ಕಾಸು ತಂದಿವೆ. 1995ರಲ್ಲಿ ಕಾನೂನೊಂದನ್ನು ಮಾಡಿ, ಸುಮಾರು ಒಂದೂಕಾಲು ಲಕ್ಷ ಕಿಲೋಮೀಟರ್ ಉದ್ದದ ಕುರಿಹಾದಿಗಳನ್ನು ಯಾರೂ ಮಾರಲಾಗದ, ಒತ್ತಲಾಗದ ಸಾರ್ವಜನಿಕ ಸ್ವತ್ತೆಂದು ಸಾರಿದೆ. ತಮ್ಮ ಹಕ್ಕು ಇನ್ನೂ ಜೀವಂತವಾಗಿದೆಯೆಂದು ತೋರಿಸಲು ಕುರಿಗಾರರು 1994ರಿಂದ ಶರತ್ಕಾಲದಲ್ಲಿ ರಾಜಧಾನಿ ಮ್ಯಾಡ್ರಿಡಿನ ನಡುಬೀದಿಯಲ್ಲಿಯೇ ಮಂದೆ ಹೊಡೆದುಕೊಂಡು ಹೋಗುತ್ತಾರೆ.

ನಮ್ಮ ಜಿಲ್ಲೆಯ ಕುರುಬರೂ ಮಂದೆಯೊಡನೆ ಊರೂರು ಸಾಗುತ್ತಾರೆ. ಹೊಲಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು ಕಾಳು ಪಡೆಯುತ್ತಾರೆ. ಅವರು ನಡೆಯುವ ಹಾದಿ ಯಾವ ನಕಾಶೆಯಲ್ಲಿ ಕುರಿಹಾದಿಯೆಂದು ಗುರುತಾಗಿದೆ? ರಾಮಘಾಟಕ್ಕೆ ಬೆಳಗಾವಿಯಲ್ಲಿ ಒಂದು ರಸ್ತೆಯ ಹೆಸರಾದರೂ ಉಳಿದಿದೆ. ನಂದಗಡದ ಉಪ್ಪಿನ ದಾರಿಗೆ ಅದೂ ಇಲ್ಲ. ಹೆದ್ದಾರಿ ಮಾಡಬಾರದೆಂದು ಹೇಳುವುದು ನಡೆಯುವ ಮಾತಲ್ಲ, ನ್ಯಾಯವೂ ಅಲ್ಲ. ಹೊಸ ಹೆದ್ದಾರಿ ಬಂದಾಗ ಹಳೆಯ ರಸ್ತೆಯನ್ನು ಅದರೊಳಗೆ ಕರಗಿಸಿಬಿಡದೆ ಪಕ್ಕಕ್ಕೆ ಉಳಿಸಿಕೊಳ್ಳುವುದು, ಅದರ ಬದಿಯ ಮರ, ಬಾವಿ, ಗುಡಿಗಳನ್ನು ಕಾಯುವುದು, ತಿರುವಿನಲ್ಲೊಂದು ಕಲ್ಲು ನೆಟ್ಟು ಇಲ್ಲಿ ಏನು ಸಾಗುತ್ತಿತ್ತೆಂದು ಕನ್ನಡದಲ್ಲಿಯೂ ಈ ಸೀಮೆಯಲ್ಲಿ ಆಡುವ ಮರಾಠಿಯಲ್ಲಿಯೂ ಎರಡು ಸಾಲು ಬರೆಸುವುದು, ಇವಿಷ್ಟಕ್ಕೆ ಕೋಟಿ ಬೇಕಾಗಿಲ್ಲ. ಕಾಡಿನೊಳಗೆ ಉಳಿಯಬಯಸುವ ಹಳ್ಳಿಗೆ ಮಳೆಗಾಲದಲ್ಲಿ ದಾಟುವಂಥ ಕಿರುಸೇತುವೆ, ಹೊರಬರಬಯಸುವವರಿಗೆ ಮಾತಿನಂತೆ ಸಲ್ಲುವ ಪರಿಹಾರ, ಇವು ಆ ದಾರಿಯ ಸೊಬಗಿಗಿಂತ ಮುಂಚಿನ ಋಣ.

ಅರಸ, ಲಂಬಾಣಿ, ಬಂಡಾಯಗಾರ, ಸಿಪಾಯಿ, ಹಾಲಿನವ, ಶಾಲೆಯ ಹುಡುಗಿ: ಇವರೆಲ್ಲರ ಹಾದಿಗೆ ಇಂದಿನ ಸೈಕಲ್ ಪ್ರವಾಸಿ ವಾರಸುದಾರ. ಹೇರೆತ್ತಿಗಿಂತ ತುಸು ಬೇಗ, ಮೋಟಾರಿಗಿಂತ ಬಹಳ ಸಾವಕಾಶ ಹೋಗುವವನಾದ್ದರಿಂದ ಹಾದಿಯನ್ನು ಓದುವ ಪುರಸೊತ್ತು ಅವನಿಗೆ ಇದೆ. ಹಲಸಿಯ ಏರಿನಲ್ಲಿ ದಣಿದು ಆಲದ ನೆರಳಿಗೆ ನಿಂತಾಗ, ಆ ಮರವನ್ನು ನೆಟ್ಟವರು ಯಾರ ದಣಿವನ್ನು ನೆನೆದು ನೆಟ್ಟರೆಂದು ಅವನು ಒಮ್ಮೆ ಕೇಳಿಕೊಂಡರೆ ಸಾಕು; ಮುಂದೆ ಬರುವವರಿಗಾಗಿ ತಾನೇನು ಉಳಿಸಬೇಕೆಂಬುದು ಅವನಿಗೆ ತಾನಾಗಿಯೇ ಹೊಳೆದೀತು.